ಕತ್ತಲೆಯಲ್ಲಿ ಯಾರಿದ್ದಾರೆ?

ಕತ್ತಲೆಯ ಭಯವನ್ನು ಕುರಿತ ಪುಸ್ತಕವನ್ನು ಓದಬೇಕಾದರೂ ಬೆಳಕು ಬೇಕು. ಮಕ್ಕಳಿಗಾಗಿ ಮಾಡಿದ ಅಂಥ ಚಿತ್ರಪುಸ್ತಕಗಳ ಮೊದಲನೆಯ ಸ್ವಾರಸ್ಯವೇ ಇದು. ಮಗು ಹೆದರುತ್ತದೆ, ತಾಯಿ ದೀಪ ಹಾಕುತ್ತಾಳೆ, ಆ ಬೆಳಕಿನಲ್ಲಿ ಪುಸ್ತಕ ತೆರೆಯುತ್ತಾಳೆ, ಕೊನೆಯ ಹಾಳೆಗೆ ಬರುವಷ್ಟರಲ್ಲಿ ಮಗು ನಿದ್ದೆಹೋಗಿರುತ್ತದೆ. ಧೈರ್ಯ ಬಂದದ್ದು ಕಥೆಯಿಂದಲೊ, ದೀಪದಿಂದಲೊ, ತಾಯಿಯ ತೊಡೆಯಿಂದಲೊ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಮಗು ಮಲಗಿದರೆ ಸಾಕಲ್ಲ!

ನನ್ನ ಮಗಳಿಗೆ ಈಗ ಏಳು ವರ್ಷ. ತೀರ್ಥಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಅವಳ ಪುಸ್ತಕಗಳಿಗೆಂದೇ ಒಂದು ಗೂಡು ಉಂಟು. ಅದರಲ್ಲಿ ಕತ್ತಲೆಯ ಪುಸ್ತಕಗಳು ಮೂರು. ಮೂರೂ ಇಂಗ್ಲಿಷಿನವು, ಕಡಲಾಚೆ ನೆಲಸಿರುವ ನೆಂಟರೊಬ್ಬರು ಕಳಿಸಿದವು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವಳು. ರಾತ್ರಿಯ ಹೊತ್ತು ಅವನ್ನು ಕನ್ನಡ ಮಾಡಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಹೇಳಿ ಹೇಳಿ ಆ ಕತ್ತಲೆಗಳು ನನಗೆ ಮಗಳಿಗಿಂತ ಹೆಚ್ಚು ಪರಿಚಯವಾಗಿಬಿಟ್ಟಿವೆ.

ಒಂದು, ಮಾರ್ಟಿನ್ ವಾಡೆಲ್ ಬರೆದು ಬಾರ್ಬರಾ ಫರ್ತ್ ಚಿತ್ರ ತೆಗೆದ ಕರಡಿಮರಿಯ ಕಥೆ, ೧೯೮೮ರದು. ಗುಹೆಯಲ್ಲಿ ದೊಡ್ಡ ಕರಡಿ ಬೆಂಕಿಯ ಮುಂದೆ ಕೂತು ಪುಸ್ತಕ ಓದುತ್ತಿದೆ. ಮರಿಗೆ ನಿದ್ದೆ ಬಾರದು, ಸುತ್ತ ಕತ್ತಲೆ. ದೊಡ್ಡದು ಎದ್ದು ಪುಟ್ಟ ಲಾಂದ್ರವೊಂದನ್ನು ತಂದಿಡುತ್ತದೆ. ಸಾಲದು. ಅದಕ್ಕಿಂತ ದೊಡ್ಡದು ಬರುತ್ತದೆ. ಅದೂ ಸಾಲದು. ಎಲ್ಲಕ್ಕಿಂತ ದೊಡ್ಡ ಲಾಂದ್ರ ಬಂದ ಮೇಲೂ ಮರಿಯದು ಒಂದೇ ಹಟ: ಹೊರಗೆ ಕತ್ತಲೆ ಇದೆಯಲ್ಲ! ಕೊನೆಗೆ ದೊಡ್ಡ ಕರಡಿ ಪುಸ್ತಕವನ್ನು ಬದಿಗಿಟ್ಟು ಮರಿಯನ್ನು ಹೊರಗೆ ಕರೆದೊಯ್ದು ಚಂದ್ರನನ್ನೂ ನಕ್ಷತ್ರಗಳನ್ನೂ ತೋರಿಸುತ್ತದೆ. ಮರಿ ಅದರ ತೋಳಿನಲ್ಲೇ ನಿದ್ದೆಹೋಗುತ್ತದೆ. ಬಹಳ ಒಳ್ಳೆಯ ಕಥೆ. ಆದರೆ ಆಷಾಢದಲ್ಲಿ ನಮ್ಮ ಹೊಸನಗರದ ಕಡೆ ಯಾರಾದರೂ ಮರಿಯನ್ನೆತ್ತಿಕೊಂಡು ಚಂದ್ರನನ್ನು ತೋರಿಸಲು ಅಂಗಳಕ್ಕಿಳಿದರೆ ಚಂದ್ರ ಕಾಣುವುದಿಲ್ಲ, ಮರಿಗೆ ನೆಗಡಿಯಾಗುತ್ತದೆ. ಜೂನಿನಲ್ಲಿ ಮರೆಯಾದ ಚಂದ್ರ ನಮ್ಮಲ್ಲಿ ಮತ್ತೆ ನೆಮ್ಮದಿಯಾಗಿ ಮುಖ ತೋರಿಸುವುದು ನವರಾತ್ರಿಯ ಹೊತ್ತಿಗೆ.

ಎರಡನೆಯದು ಜಿಲ್ ಟಾಮ್ಲಿನ್‌ಸನ್ ಎಂಬಾಕೆ ೧೯೬೮ರಲ್ಲಿ ಬರೆದ ಗೂಬೆಮರಿಯ ಕಥೆ. ಪ್ಲಾಪ್ ಎಂದು ಅದರ ಹೆಸರು. ಗೂಬೆಯಾಗಿ ಹುಟ್ಟಿ ಕತ್ತಲೆಗೆ ಹೆದರುವುದೆಂದರೆ ಮೀನಾಗಿ ಹುಟ್ಟಿ ನೀರಿಗೆ ಹೆದರಿದಂತೆ. ತಾಯಿ ಅದನ್ನು ಬೈಯುವುದಿಲ್ಲ. ಹೋಗಿ ನಾಲ್ಕು ಜನರನ್ನು ಕೇಳಿಕೊಂಡು ಬಾ ಎನ್ನುತ್ತಾಳೆ. ಬಾಣಬಿರುಸು ಹಾರಿಸಲು ಕಾದಿರುವ ಹುಡುಗ, ಕತ್ತಲೆಯಲ್ಲಿ ಹಳೆಯದನ್ನು ನೆನೆಯುತ್ತ ಕೂರುವ ಮುದುಕಿ, ದೂರದರ್ಶಕ ಹಿಡಿದು ನಕ್ಷತ್ರ ನೋಡುವವನು, ಒಂದು ಕರಿಯ ಬೆಕ್ಕು, ಹೀಗೆ ಒಬ್ಬೊಬ್ಬರೂ ಕತ್ತಲೆಗೆ ಒಂದೊಂದು ಗುಣ ಹೇಳಿ ಕಳಿಸುತ್ತಾರೆ. ಮೂರರಲ್ಲಿ ನನಗೆ ಇದೇ ಹೆಚ್ಚು ಪ್ರಿಯ. ಆದರೂ ಹೇಳಿಬಿಡಬೇಕು: ಪ್ಲಾಪ್ ನಮ್ಮ ಕಡೆ ಹುಟ್ಟಿದ್ದರೆ ಅದರ ಭಯವನ್ನು ಬಿಡಿಸುವವರು ಯಾರೂ ಇರುತ್ತಿರಲಿಲ್ಲ; ಅದನ್ನೇ ತೋರಿಸಿ ಊರ ಮಕ್ಕಳನ್ನೆಲ್ಲ ಹೆದರಿಸುತ್ತಿದ್ದರು.

ಮೂರನೆಯದು ಹೊಸದು, ೧೯೧೩ರದಲ್ಲ, ೨೦೧೩ರದು. ಲೆಮೊನಿ ಸ್ನಿಕೆಟ್ ಬರೆದದ್ದು, ಜಾನ್ ಕ್ಲಾಸನ್ ಚಿತ್ರಿಸಿದ್ದು. ದೊಡ್ಡ ಮನೆ, ಅದರ ನೆಲಮಾಳಿಗೆಯಲ್ಲಿ ಕತ್ತಲೆ ಸಂಸಾರ ಹೂಡಿದೆ. ಲಾಸ್ಲೊ ಎಂಬ ಹುಡುಗನ ಕೋಣೆಯ ಸಣ್ಣ ದೀಪ ಒಂದು ರಾತ್ರಿ ಕೆಟ್ಟುಹೋಗುತ್ತದೆ. ಕತ್ತಲೆ ತಾನೇ ಮೇಲೆ ಬಂದು ಹುಡುಗನನ್ನು ಕರೆಯುತ್ತದೆ, ಮೆಟ್ಟಿಲಿಳಿಸಿ ನೆಲಮಾಳಿಗೆಗೆ ಒಯ್ಯುತ್ತದೆ, ಅಲ್ಲಿರುವ ಪೆಟ್ಟಿಗೆಯ ಕೆಳಗಿನ ಖಾನೆಯನ್ನು ತೆರೆ ಎನ್ನುತ್ತದೆ. ಖಾನೆಯಲ್ಲಿ ಇರುವುದೇನು? ಬಲ್ಬು! ಕಪ್ಪನ್ನು ಇಷ್ಟು ಧಾರಾಳವಾಗಿ ಬಳಿದ ಮಕ್ಕಳ ಪುಸ್ತಕವನ್ನು ನಾನು ಬೇರೆ ನೋಡಿಲ್ಲ. ಕತ್ತಲೆಯೇ ದೀಪ ಕೊಡುವ ಉಪಾಯವೂ ಜಾಣತನದ್ದೇ.

ಆದರೆ ಈ ಮೂರೂ ಪುಸ್ತಕಗಳ ಮಗುವಿಗೆ ಇರುವ ಅನುಕೂಲ ನೋಡಿ. ಅದು ಒಂಟಿಯಾಗಿ ಮಲಗುತ್ತದೆ. ಅದಕ್ಕೊಂದು ತನ್ನದೇ ಮೂಲೆ. ಕತ್ತಲೆ ಒಂದು ಗೊತ್ತಾದ ಜಾಗದಲ್ಲಿರುತ್ತದೆ: ಮಂಚದ ಕೆಳಗೆ, ನೆಲಮಾಳಿಗೆಯಲ್ಲಿ, ಗುಹೆಯ ಬಾಯಿಯ ಆಚೆ. ಅದಕ್ಕೆ ಎಲ್ಲೆ ಉಂಟು. ಕೊನೆಯ ಪುಟದಲ್ಲಿ ದೊಡ್ಡವರು ಹೇಳುವ ಸಮಾಧಾನ ಒಂದೇ: ಅಲ್ಲಿ ಹೆದರುವಂಥದು ಏನೂ ಇಲ್ಲ.

ಈ ಸಮಾಧಾನವನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಒಂಟಿಮನೆಯಲ್ಲಿ ಬೆಳೆದ ಮಗುವಿಗೆ ಹೇಳುವುದು ಹೇಗೆ? ನಾನು ಬೆಳೆದದ್ದು ಹೊಸನಗರ ತಾಲ್ಲೂಕಿನ ಕಾಡಂಚಿನ ಮನೆಯಲ್ಲಿ. ನಾನು ನಾಲ್ಕನೆಯ ತರಗತಿಗೆ ಬರುವವರೆಗೆ ಅಲ್ಲಿಗೆ ವಿದ್ಯುತ್ತು ಬಂದಿರಲಿಲ್ಲ. ಮಕ್ಕಳೆಲ್ಲ ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ನಡುವೆ ಮಲಗುವುದಕ್ಕಾಗಿ ಸಂಜೆಯಿಂದಲೇ ಜಗಳ. ರಾತ್ರಿ ಮಲಗಿದಾಗ ಭಯವಿಲ್ಲ. ಎರಡು ಕಡೆಯೂ ಮೊಣಕೈ ತಾಗುತ್ತದೆ. ನಮ್ಮ ಭಯವೆಲ್ಲ ಮಲಗುವ ಮುಂಚಿನದು. ಜಗುಲಿಯಿಂದ ಬಚ್ಚಲಿಗೆ ಹದಿನೆಂಟು ಹೆಜ್ಜೆ. ಬಚ್ಚಲಿನಿಂದ ಕೊಟ್ಟಿಗೆಗೆ ಹನ್ನೆರಡು. ಎಣಿಸಿಕೊಂಡೇ ಓಡಬೇಕು. ಮನೆಯೊಳಗೂ ಒಂದು ಕತ್ತಲೆಕೋಣೆ ಇತ್ತು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅದಕ್ಕೆ ಹೆಸರೇ ಹಾಗೆ. ಬೆಲ್ಲದ ಡಬ್ಬಿ, ಉಪ್ಪಿನಕಾಯಿ ಜಾಡಿ ಎಲ್ಲ ಅಲ್ಲಿಯೇ. ಬೆಲ್ಲದ ಆಸೆಗೂ ಕತ್ತಲೆಯ ಭಯಕ್ಕೂ ನಡೆಯುತ್ತಿದ್ದ ಕದನದಲ್ಲಿ ಸಾಮಾನ್ಯವಾಗಿ ಬೆಲ್ಲವೇ ಗೆಲ್ಲುತ್ತಿತ್ತೆಂಬುದನ್ನೂ ಹೇಳಬೇಕು.

ಅಲ್ಲಿ ಏನೂ ಇಲ್ಲವೆಂದು ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ನಂಬುತ್ತಲೂ ಇರಲಿಲ್ಲ. ಇತ್ತಲ್ಲ! ತೋಟದ ಮೇಲಿನ ಬನದಲ್ಲಿ ಚೌಡಿ ಇದ್ದಳು. ಗದ್ದೆಯಂಚಿನಲ್ಲಿ ಕೊಳ್ಳಿದೆವ್ವ ನಡೆಯುತ್ತಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡ ಯಾರೋ ಹಳ್ಳದ ಸಂಕದ ಮೇಲೆ ಕೂರುತ್ತಿದ್ದರು. ಇವಲ್ಲದೆ ನಿಜವಾದ ಚಿರತೆ, ನಿಜವಾದ ಹಾವು. ಅನ್ನ ಉಣ್ಣದಿದ್ದರೆ ಕರೆಯಲು ಗುಮ್ಮ ಬೇರೆ. ಗುಮ್ಮನ ಭಯ ಹೊಸದೇನೂ ಅಲ್ಲವಷ್ಟೆ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಕೀರ್ತನೆ ಎಲ್ಲರಿಗೂ ಗೊತ್ತು. ದಾಸರ ಹುಟ್ಟೂರು ತೀರ್ಥಹಳ್ಳಿ ಸೀಮೆಯ ಆರಗದ ಕಡೆಯೆಂಬ ವಾದವೂ ಒಂದುಂಟು. ಆ ವಾದದ ಸಾಧಕಬಾಧಕ ಪಂಡಿತರಿಗಿರಲಿ. ಗುಮ್ಮನ ಮಟ್ಟಿಗೆ ನೋಡಿದರೆ ದಾಸರು ನಮ್ಮವರೆಂದು ಒಪ್ಪಲು ನನಗೆ ಯಾವ ಅಡ್ಡಿಯೂ ಕಾಣದು. ಜಗತ್ತನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವನೂ ಗುಮ್ಮನಿಗೆ ಹೆದರಿದನೆಂದು ಬರೆಯಬೇಕಾದರೆ ಮಕ್ಕಳ ಭಯವನ್ನು ಹತ್ತಿರದಿಂದ ಕಂಡಿರಬೇಕು.

ನಮಗೂ ಕತ್ತಲೆಯ ಚಿತ್ರಪುಸ್ತಕ ಇರಲಿಲ್ಲವೆನ್ನಲಾರೆ. ಚಂದಮಾಮ ಇತ್ತು. ೧೯೪೭ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ ಬೇಗನೆ ಕನ್ನಡಕ್ಕೂ ಬಂದ ಆ ಪತ್ರಿಕೆಯ ಬೇತಾಳನ ಚಿತ್ರವನ್ನು ನನ್ನ ವಯಸ್ಸಿನವರು ಮರೆತಿರಲಾರರು. ಸ್ಮಶಾನ, ಬೋಳುಮರ, ಹಿರಿದ ಕತ್ತಿ, ರಾಜನ ಹೆಗಲ ಮೇಲೆ ಹೆಣ. ಅದನ್ನು ತೆಗೆದ ಶಂಕರ್ ೨೦೨೦ರಲ್ಲಿ ತುಂಬು ಮುಪ್ಪಿನಲ್ಲಿ ತೀರಿಕೊಂಡಾಗ ಸ್ಟಾಫ್ ರೂಮಿನಲ್ಲಿ ನಾವು ನಾಲ್ವರು ಅಧ್ಯಾಪಕರು ಅರ್ಧ ಗಂಟೆ ಆ ಒಂದು ಚಿತ್ರವನ್ನೇ ಮಾತಾಡಿಕೊಂಡೆವು. ಆ ಚಿತ್ರದಲ್ಲಿ ಮಗುವಿಗೆ ಸಮಾಧಾನ ಹೇಳುವ ಯಾವ ಪ್ರಯತ್ನವೂ ಇರಲಿಲ್ಲ. ಇಷ್ಟೇ ಇತ್ತು: ಹೆಗಲ ಮೇಲಿನ ಭಯ ಮಾತಾಡುತ್ತದೆ, ದಾರಿ ಸಾಗಲೆಂದು ಕಥೆ ಹೇಳುತ್ತದೆ, ಕೊನೆಗೊಂದು ಪ್ರಶ್ನೆ ಕೇಳುತ್ತದೆ. ಹೆದರಿಕೆಯೊಡನೆ ಮಾತುಕತೆ ಸಾಧ್ಯ ಎಂದು ನನಗೆ ಮೊದಲು ತಿಳಿದದ್ದು ಅಲ್ಲಿ.

ಇನ್ನೊಂದು ಪುಸ್ತಕ ಬಯಲಾಟ. ಗದ್ದೆಯಲ್ಲಿ ಚಾಪೆ ಹಾಸಿ ನಮ್ಮನ್ನು ಮಲಗಿಸಿರುತ್ತಿದ್ದರು. ನಡುರಾತ್ರಿ ಚಂಡೆ ಏರಿ ಎಚ್ಚರವಾಗುವ ಹೊತ್ತಿಗೆ ಜನರ ಹಿಂದಿನ ಕತ್ತಲೆಯಿಂದ ರಾಕ್ಷಸ ಅಬ್ಬರಿಸುತ್ತ ಬರುತ್ತಿದ್ದ. ಎರಡು ಕಡೆ ದೊಂದಿ; ದೊಂದಿಗೆ ರಾಳದ ಹುಡಿ ಎರಚಿದರೆ ಭುಗ್ಗೆನ್ನುವ ಬೆಂಕಿ. ಮಕ್ಕಳೆಲ್ಲ ಸೆರಗಿನೊಳಗೆ. ಮರುವರ್ಷ ನನ್ನ ತಂದೆ ನನ್ನನ್ನು ಕೈಹಿಡಿದು ಚೌಕಿಗೆ ಕರೆದುಕೊಂಡು ಹೋದರು. ಅಲ್ಲಿ ಅದೇ ರಾಕ್ಷಸ ಕನ್ನಡಿ ಹಿಡಿದು ಕೂತು, ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟೆ ಇಡುತ್ತ, ನಡುನಡುವೆ ಎಲೆಅಡಿಕೆ ಜಗಿಯುತ್ತಿದ್ದ. ನನ್ನನ್ನು ನೋಡಿ ಯಾವ ಕ್ಲಾಸು ಎಂದು ಕೇಳಿದ. ಆ ರಾತ್ರಿ ಅವನು ಅಬ್ಬರಿಸಿಕೊಂಡು ಬಂದಾಗ ಹೆದರಿಕೆ ಆಗಲಿಲ್ಲವೆ? ಆಯಿತು, ಮೊದಲಿನಷ್ಟೇ ಆಯಿತು. ಆದರೆ ಈಗ ಅವನು ನನಗೆ ಗೊತ್ತಿರುವವನು.

ಕಳೆದ ವರ್ಷ ಮಳೆಗಾಲದ ನಡುವಿನಲ್ಲಿ ಮಗಳನ್ನು ಕರೆದುಕೊಂಡು ಆ ಮನೆಗೆ ಹೋಗಿದ್ದೆ. ಈಗ ಅಲ್ಲಿ ನನ್ನ ತಾಯಿ ಒಬ್ಬಳೇ; ಜೊತೆಗೆ ಒಂದು ನಾಯಿ, ಎರಡು ಹಸು. ನಾವು ಹೋದ ಮರುದಿನ ಗಾಳಿಗೆ ಮರ ಬಿದ್ದು ತಂತಿ ಕಡಿಯಿತು. ಮೂರು ದಿನ ಕರೆಂಟಿಲ್ಲ. ಮೊದಲ ರಾತ್ರಿ ಇನ್ವರ್ಟರು, ಎರಡನೆಯ ರಾತ್ರಿ ಫೋನಿನ ದೀಪ. ಮೂರನೆಯ ಸಂಜೆ ಅವೂ ತೀರಿದವು. ಹೆಂಚಿನ ಮೇಲೆ ಮಳೆ. ಮಗಳಿಗೆ ಬಚ್ಚಲಿಗೆ ಹೋಗಬೇಕು, ಆದರೆ ಜಗುಲಿಯಿಂದ ಕಾಲು ಕೆಳಗಿಡಲೊಲ್ಲಳು. ಲಾಸ್ಲೊನ ಕಥೆಯನ್ನು ಅಜ್ಜಿಗೆ ಹೇಳಿ, “ಬಲ್ಬು ಎಲ್ಲಿದೆ ಅಂತ ಕತ್ತಲೆಯನ್ನೇ ಕೇಳಬೇಕು” ಎಂದಳು.

“ನಮ್ಮ ಕತ್ತಲೆ ಹತ್ರ ಬಲ್ಬಿಲ್ಲ ಮಗ” ಎಂದಳು ನನ್ನ ತಾಯಿ. “ಕೇಳು, ಬೇರೆ ಎಂತೆಂತದೋ ಉಂಟು.”

ಚಿಮಣಿಯನ್ನು ಒಳಗೇ ಬಿಟ್ಟು ಮೊಮ್ಮಗಳನ್ನು ಜಗುಲಿಯ ತುದಿಯಲ್ಲಿ ಕೂರಿಸಿಕೊಂಡಳು. ಮೊದಲು ಮಳೆಯ ಸದ್ದೊಂದೇ. ಆಮೇಲೆ ಅದರೊಳಗಿಂದ ಒಂದೊಂದೇ ಬೇರೆಯಾಗತೊಡಗಿತು. ಅದು? ಗದ್ದೆಯ ಕಪ್ಪೆ. ಈ ಕಡೆಯದು? ಅದೂ ಕಪ್ಪೆ, ಮರದ ಮೇಲಿನದು. ಬಾವಿಕಟ್ಟೆ ಹಲಸಿನಲ್ಲಿ ಇರುತ್ತದೆ. ದೊಪ್ಪೆಂದಿತಲ್ಲ? ತೆಂಗಿನ ಹೆಡೆ. ಮಾಡಿನ ಮೇಲೆ ಯಾರೋ ಓಡಿದರು! ಪುನುಗಿನ ಬೆಕ್ಕು, ದಿನಾ ಇದೇ ಹೊತ್ತಿಗೆ ಹೋಗುತ್ತದೆ, ಇವತ್ತು ಸ್ವಲ್ಪ ತಡ. ನನ್ನ ತಾಯಿಯ ಬಾಯಲ್ಲಿ ಹೆದರಬೇಡ ಎಂಬ ಮಾತು ಬರಲೇ ಇಲ್ಲ. ಏನೂ ಇಲ್ಲ ಎಂಬುದೂ ಬರಲಿಲ್ಲ. ಬಚ್ಚಲ ಹಿಂದಿನ ಕಟ್ಟಿಗೆರಾಶಿಯಲ್ಲಿ ಕೊಳೆತ ಕೊರಡೊಂದು ಮಸುಕಾಗಿ, ಹಸುರಾಗಿ ಹೊಳೆಯುತ್ತಿತ್ತು. ನಮ್ಮ ಘಟ್ಟದ ಕಾಡುಗಳಲ್ಲಿ ಮಳೆಗಾಲಕ್ಕೆ ಹಾಗೆ ಹೊಳೆಯುವ ಅಣಬೆಯ ಜಾತಿ ಉಂಟು. ದೀಪವಿದ್ದರೆ ಅದು ಕಾಣುವುದಿಲ್ಲ. ಅದನ್ನು ನೋಡಬೇಕೆಂದು ಮಗಳು ಮೆಟ್ಟಿಲಿಳಿದಳು. ಅವಳ ಭಯ ಹೋಯಿತೆಂದು ಯಾರೂ ತಿಳಿಯಬಾರದು. ಅಜ್ಜಿಯ ಕೈ ಬಿಡಲಿಲ್ಲ, ಹೆಜ್ಜೆಗೊಮ್ಮೆ “ಅದು ಯಾರು?” ಎಂದು ಕೇಳುತ್ತಲೇ ಹೋದಳು, ಕೇಳುತ್ತಲೇ ಬಂದಳು.

ತಾಯಿಗೆ ಈ ವಿದ್ಯೆ ಬಂದದ್ದು ಅವಳ ತಾಯಿಯಿಂದ. ಅಜ್ಜಿ ಅದನ್ನು ಕಲಿತದ್ದು ಮೂವತ್ತು ದಾಟಿದ ಮೇಲೆ, ಕಷ್ಟಪಟ್ಟು.

ಅಜ್ಜಿಯ ಮೊದಲಿನ ಮನೆ ಇದ್ದದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ದಂಡೆಯ ಮೇಲೆ. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ಆ ಮನೆ, ಗದ್ದೆ, ಕಟ್ಟೆಯ ಮೇಲಿನ ಅಶ್ವತ್ಥ ಎಲ್ಲ ನೀರಿನಡಿಗೆ ಹೋದವು. ಜೋಗದಲ್ಲಿ ೧೯೪೮ರಿಂದಲೇ ವಿದ್ಯುತ್ತು ಹುಟ್ಟುತ್ತಿತ್ತು. ಲಿಂಗನಮಕ್ಕಿಯ ನೀರಿನಿಂದ ಶರಾವತಿ ವಿದ್ಯುದಾಗಾರ ನಡೆಯತೊಡಗಿದ ಮೇಲೆ, ಘಟಕಗಳೆಲ್ಲ ಪೂರ್ತಿಯಾದಾಗ ಅದರ ಶಕ್ತಿ ೧೦೩೫ ಮೆಗಾವಾಟು. ಈ ಪತ್ರಿಕೆಯನ್ನು ಊರಿನಲ್ಲಿ ಕೂತು ಓದುವವರ ಮನೆಯ ದೀಪಕ್ಕೂ ಆ ನೀರಿಗೂ ಹಳೆಯ ನೆಂಟಸ್ತನ ಉಂಟು. ಅಜ್ಜಿಯ ಸಂಸಾರ ಗಾಡಿಯಲ್ಲಿ ಪಾತ್ರೆಪರಡಿ, ಬಾಗಿಲುವಾಡ, ನಾಲ್ಕು ಕಂಬ ಹೇರಿಕೊಂಡು ಹೊಸನಗರದ ಕಾಡಿನಂಚಿಗೆ ಬಂತು. ನನ್ನ ತಾಯಿಗೆ ಆಗ ಒಂಬತ್ತು ವರ್ಷ. ಅವಳೊಬ್ಬಳೇ ಮಗಳಾದ್ದರಿಂದ ನನ್ನ ತಂದೆ ಮುಂದೆ ಆ ಮನೆಗೇ ಅಳಿಯರಾಗಿ ಬಂದರು. ಹಾಗಾಗಿ ನನ್ನ ತವರೂ ಅದೇ.

ಹೊಸ ಮನೆಯಲ್ಲಿ ಅಜ್ಜಿ ಕತ್ತಲೆಗೆ ಹೆದರಿದಳು. ಮದುವೆಯಾಗಿ ಮಗುವಿನ ತಾಯಿಯಾದವಳು, ಹುಲಿಯ ಕೂಗು ಕೇಳುತ್ತ ಬೆಳೆದವಳು, ಸಂಜೆಯಾದರೆ ಬಾಗಿಲ ಹೊರಗೆ ಕಾಲಿಡುತ್ತಿರಲಿಲ್ಲವಂತೆ. ಅಜ್ಜ ನಗುತ್ತಿದ್ದ. ಅವಳು ಆಮೇಲೆ ನನಗೆ ಹೇಳಿದ್ದಿಷ್ಟು. ಹಳೆಯ ಮನೆಯ ಜಗುಲಿಯಿಂದ ಹೊಳೆಯಾಚೆ ಮೂರು ದೀಪ ಕಾಣುತ್ತಿದ್ದವು. ಯಾವುದು ಯಾರ ಮನೆಯದೆಂದು ಗೊತ್ತು. ಒಂದು ತಡವಾಗಿ ಆರಿದರೆ ಆ ಮನೆಯಲ್ಲಿ ಮಗುವಿಗೆ ಜ್ವರವೆಂದು ಗೊತ್ತು. ಎಲ್ಲಿ ಹಳ್ಳ ಸದ್ದು ಮಾಡುತ್ತದೆ, ಯಾವ ಮರದಲ್ಲಿ ಯಾವ ಹಕ್ಕಿ, ಯಾವ ಕಲ್ಲಿನಲ್ಲಿ ಯಾವ ದೈವ, ಎಲ್ಲ ಗೊತ್ತು. ಇಲ್ಲಿ ಒಂದೂ ಗೊತ್ತಿಲ್ಲ. “ಅಲ್ಲಿ ಕತ್ತಲೆ ನಮ್ಮದು. ಇದು ಯಾರದೋ” ಎನ್ನುತ್ತಿದ್ದಳು. ಸೀಮೆಎಣ್ಣೆಗೆ ಬರವಿದ್ದ ಆ ದಿನಗಳಲ್ಲೂ ಹೊರಗೋಡೆಯ ಗೂಡಿನಲ್ಲಿ ಒಂದು ಬುಡ್ಡಿದೀಪವನ್ನು ರಾತ್ರಿಯೆಲ್ಲ ಉರಿಸುತ್ತಿದ್ದಳಂತೆ. ಯಾರಿಗೆ ಕಾಣಲಿ ಎಂದು ಅಜ್ಜ ಗೊಣಗುತ್ತಿದ್ದ.

ಇನ್ನು ಮುಂದಿನ ಮಾತಿಗೆ ಮೊದಲು, ಬಯಲುಸೀಮೆಯ ಓದುಗರಿಗಾಗಿ ಅಂಟಿಗೆ-ಪಂಟಿಗೆಯ ವಿಷಯ ಹೇಳಬೇಕು. ದೀಪಾವಳಿಯ ರಾತ್ರಿಗಳಲ್ಲಿ ನಮ್ಮ ಮೂರು ತಾಲ್ಲೂಕುಗಳಲ್ಲೂ ಗಂಡಸರ ತಂಡಗಳು ದೀಪ ಹಿಡಿದು ಹೊರಡುತ್ತವೆ. ಗುಡ್ಡ ಹತ್ತಿ ಹಳ್ಳ ದಾಟಿ ಮನೆಮನೆಗೆ ನಡೆದು, ಮುಚ್ಚಿದ ಬಾಗಿಲ ಮುಂದೆ ನಿಂತು, ಬಾಗಿಲು ತೆಗೆಯಿರೆಂದು ಹಾಡುತ್ತವೆ. ಮನೆಯವರು ಎದ್ದು ಬಾಗಿಲು ತೆಗೆದು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಅದರಿಂದ ತಮ್ಮ ಮನೆಯ ದೀಪ ಹಚ್ಚಿಕೊಳ್ಳುತ್ತಾರೆ. ಅಕ್ಕಿ, ಕಾಣಿಕೆ, ಕಜ್ಜಾಯ ಕೊಟ್ಟು ಕಳಿಸುತ್ತಾರೆ. ದೀಪ ದಾರಿಯಲ್ಲಿ ಆರಬಾರದು. ಬೆಳಗಿನವರೆಗೆ ನಡಿಗೆ. ಟಾರ್ಚು, ಜೀಪುಗಳ ಕಾಲದಲ್ಲೂ ಇದು ನಿಂತಿಲ್ಲ. ಇತ್ತೀಚೆಗೆ ವೇದಿಕೆಯ ಮೇಲೂ ಹಾಡುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ನಿಂತು ದೀಪ ತಂದೆವೆಂದು ಹಾಡುವುದನ್ನು ನೋಡುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ.

ಹೊಸ ಮನೆಯ ಮೊದಲ ದೀಪಾವಳಿಗೆ ಅಜ್ಜಿ ಎಣ್ಣೆ ಕಾಯಿಸಿಟ್ಟಳು, ಮೊರದಲ್ಲಿ ಅಕ್ಕಿ ಅಳೆದಿಟ್ಟಳು, ಬಾಗಿಲು ಹಾಕಿಕೊಂಡು ಒಳಗೆ ಕಾದು ಕೂತಳು. ಮಗಳೂ ಜೊತೆಗೆ ಕೂತಳು. ದೂರದ ದರೆಯಾಚೆ ಹಾಡು ಕೇಳಿತು. ಕೇಳುತ್ತಲೇ ಇನ್ನೂ ದೂರವಾಯಿತು. ಯಾರೂ ಬರಲಿಲ್ಲ. ಆ ಕಾಡಿನೊಳಗೆ ಒಂದು ಮನೆ ಎದ್ದಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಬೆಳಗಾದ ಮೇಲೆ ಅಜ್ಜಿ ಆ ಅಕ್ಕಿಯನ್ನು ಮತ್ತೆ ಕಣಜಕ್ಕೆ ಸುರಿದಳಂತೆ. ಇದನ್ನು ಹೇಳುವಾಗ ನನ್ನ ತಾಯಿ ಪ್ರತಿ ಸಲವೂ ಎದ್ದು ಏನಾದರೂ ಕೆಲಸ ಹುಡುಕಿಕೊಳ್ಳುತ್ತಾಳೆ.

ಮರುವರ್ಷ ಅಜ್ಜ, ನಗುತ್ತಿದ್ದ ಅದೇ ಅಜ್ಜ, ಸಂಜೆಯೇ ಸೂಡಿ ಕಟ್ಟಿಕೊಂಡು ಒಂದೂವರೆ ಮೈಲಿ ನಡೆದು ಗಾಡಿದಾರಿಯ ತಿರುವಿನಲ್ಲಿ ನಿಂತ. ಮನೆಯಲ್ಲಿ ತಾಯಿ, ಮಗಳು. ನಡುರಾತ್ರಿ ಕಳೆದಿರಬೇಕು. ಕಿಟಕಿಯಲ್ಲಿ ಎಲ್ಲ ಕಪ್ಪು. ಆಮೇಲೆ ತೀರ ಕೆಳಗೆ, ಮಿಂಚುಹುಳುವೊ ಎಂಬಂತೆ ಒಂದು ಚುಕ್ಕಿ. ಅದು ಮರದ ಹಿಂದೆ ಮರೆಯಾಯಿತು, ಮತ್ತೆ ಕಂಡಿತು. ಚುಕ್ಕಿ ಎರಡಾಯಿತು, ಸೂಡಿಯದೊಂದು, ದೀಪದ್ದೊಂದು. ಹಾಡು ಮೊದಲು ಗಾಳಿಯಂತೆ, ಆಮೇಲೆ ಮಾತಿನಂತೆ. ನಾಯಿ ಬೊಗಳಿತು. ಕಾಲಿನ ಸದ್ದು ಅಂಗಳಕ್ಕೆ ಬಂತು. ಯಾರು ಯಾರೆಂದು ಗುರುತಿಲ್ಲದ ಹತ್ತು ಜನ ಗಂಡಸರು ಹೊರಗೆ ಕತ್ತಲೆಯಲ್ಲಿ ನಿಂತು, ಒಳಗಿರುವ ಇಬ್ಬರನ್ನು ಬಾಗಿಲು ತೆಗೆಯಿರೆಂದು ಹಾಡಿನಲ್ಲಿ ಕೇಳಿದರು. ಅಜ್ಜಿ ತೆಗೆದಳು.

ಪುಟ ತಿರುವಿದಂತೆ ದೀಪ ದೊಡ್ಡದಾಗುತ್ತ ಬರುವ ಈ ಪುಸ್ತಕವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಕರಡಿಮರಿಯ ಕಥೆಯಲ್ಲಿಯೂ ಲಾಂದ್ರ ದೊಡ್ಡದಾಗುತ್ತ ಹೋಗುತ್ತದೆ, ನಿಜ. ಆದರೆ ಅಲ್ಲಿ ಬೆಳಕು ಮನೆಯೊಳಗಿನಿಂದ ಹೊರಗೆ ಹೋಗುತ್ತದೆ. ಇಲ್ಲಿ ಕತ್ತಲೆಯ ಒಳಗಿನಿಂದಲೇ ಮನೆಗೆ ಬರುತ್ತದೆ. ಎಷ್ಟು ವ್ಯತ್ಯಾಸ!

ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿಗೆ ಈಗ ಬರವೇನಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ೨೦೦೪ರಿಂದ ಅಗ್ಗದ ಬೆಲೆಗೆ ಚಿತ್ರಪುಸ್ತಕಗಳನ್ನು ತಂದಿದೆ. ಅವರ ಟಿಂಕು ಎಂಬ ನಾಯಿಮರಿಯ ಕಥೆ ನನಗೆ ಇಷ್ಟ. ನಿದ್ದೆ ಬಾರದ ಟಿಂಕು ದೀಪ ಹುಡುಕುವುದಿಲ್ಲ, ರಾತ್ರಿ ಎಚ್ಚರವಿರುವ ಪ್ರಾಣಿಗಳನ್ನು ಹುಡುಕಿಕೊಂಡು ಹೊರಗೆ ಹೋಗುತ್ತದೆ. ಮುಳುಗಡೆಯನ್ನು ಮಕ್ಕಳಿಗೆ ಹೇಳಿದವರೂ ನಮ್ಮಲ್ಲಿದ್ದರು. ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ ೨೦೧೧ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ೨೦೨೫ರ ಜನವರಿಯಲ್ಲಿ ಅವರು ತೀರಿಕೊಂಡರು. ಆದರೆ ಅದು ಓದು ಬಲ್ಲ ಮಕ್ಕಳಿಗೆ. ಓದು ಬಾರದೆ ಚಿತ್ರವನ್ನೇ ನೋಡುವ ಮಗುವಿಗೆ ನಮ್ಮ ರಾತ್ರಿಯ ಚಿತ್ರ ಎಲ್ಲಿದೆ?

ಇಂಗ್ಲಿಷಿನ ಪುಸ್ತಕಗಳನ್ನೇ ಕನ್ನಡಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಕನ್ನಡಿಸುವುದರಲ್ಲೂ ಎರಡು ಬಗೆ. ಕುಪ್ಪಳಿಯ ಕವಿ ಬ್ರೌನಿಂಗನ ಕಥೆಯನ್ನು ತೆಗೆದುಕೊಂಡು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆದಾಗ ಜರ್ಮನಿಯ ಹ್ಯಾಮೆಲಿನ್ ಊರನ್ನು ಎತ್ತಿ ತುಂಗೆಯ ದಡದಲ್ಲಿಟ್ಟರು. ಇಲಿಗಳೂ ನಮ್ಮವಾದವು, ಗೌಡನೂ ನಮ್ಮವನಾದ. ಅದು ಪರದೇಶದ ಕಥೆಯೆಂದು ಯಾವ ಮಗುವಿಗೂ ಅನ್ನಿಸುವುದಿಲ್ಲ. ಆದರೆ ನೆಲಮಾಳಿಗೆಯನ್ನು ಎತ್ತಿ ಎಲ್ಲಿಡೋಣ? ಕತ್ತಲೆಕೋಣೆಯಲ್ಲಿ ಇಡಬಹುದು, ಖಾನೆ ತೆರೆದರೆ ಬಲ್ಬಿನ ಬದಲು ಬೆಲ್ಲ ಸಿಕ್ಕೀತು. ಅದೂ ಒಳ್ಳೆಯ ಕಥೆಯೇ, ಆದರೆ ಬೇರೆ ಕಥೆ.

ಅಚ್ಚಿನ ಖರ್ಚನ್ನು ಮುಂದೊಡ್ಡುವವರೂ ಉಂಟು. ಪುಟ ತುಂಬ ಕಪ್ಪು ಬಳಿದರೆ ಮಸಿಗೇ ದುಡ್ಡು ಸಾಲದೆಂದು. ಚೆನ್ನೈನ ತಾರಾ ಬುಕ್ಸ್‌ನವರು ೨೦೦೬ರಲ್ಲಿ ಮಧ್ಯಪ್ರದೇಶದ ಗೊಂಡ ಕಲಾವಿದರಿಂದ ರಾತ್ರಿಯ ಮರಗಳ ಚಿತ್ರ ಬರೆಸಿ, ಕೈಯಲ್ಲಿ ಮಾಡಿದ ಕಪ್ಪು ಕಾಗದದ ಮೇಲೇ ಬಣ್ಣ ಒತ್ತಿ ಪುಸ್ತಕ ಮಾಡಿದರು. ಬೇರೆ ಬೇರೆ ದೇಶದವರು ಅದನ್ನು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ. ಕಾಗದವೇ ಕಪ್ಪಾದರೆ ಮಸಿಯ ಖರ್ಚು ಎಲ್ಲಿ ಬಂತು?

ಗೊಂಡರಿಗೆ ಅವರ ಚಿತ್ರವಿದ್ದಂತೆ ನಮ್ಮ ಸಾಗರ, ಹೊಸನಗರದ ದೀವರ ಹೆಣ್ಣುಮಕ್ಕಳಿಗೆ ಹಸೆ ಚಿತ್ತಾರ ಉಂಟು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ, ಪುಂಡಿನಾರಿನ ಕುಂಚ. ಭೂಮಿಹುಣ್ಣಿಮೆಗೆ ಬುಟ್ಟಿಯ ಮೇಲೂ ಅದೇ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡಿಗೆ ಮಾಡಿ, ಬೆಳಕು ಹರಿಯುವ ಮೊದಲೇ ಆ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ದೀಪ ಹಿಡಿದು ಗದ್ದೆಗೆ ಹೋಗಿ ಭೂಮಿತಾಯಿಗೆ ಉಣಬಡಿಸುತ್ತಾರೆ. ಅಂದರೆ ಕತ್ತಲೆಯಲ್ಲಿ ನಡೆಯುವುದಕ್ಕೆಂದೇ ಬರೆದ ಚಿತ್ರ ಅದು.

ಸಾಗರದ ಕಡೆಯ ಹಳ್ಳಿಯಲ್ಲಿ ಚಿತ್ತಾರ ಬರೆಯುವ ಹಿರಿಯ ಹೆಂಗಸೊಬ್ಬರು ನನಗೆ ಪರಿಚಯ. ಕಳೆದ ಬೇಸಿಗೆಯಲ್ಲಿ ಹನ್ನೆರಡು ಕಪ್ಪು ಹಾಳೆಗಳನ್ನು ಸುರುಳಿ ಮಾಡಿಕೊಂಡು ಅವರಲ್ಲಿಗೆ ಹೋದೆ. ಅಜ್ಜಿಯ ದೀಪಾವಳಿಯ ಕಥೆ ಹೇಳಿದೆ. ಅವರು ಹಾಳೆಯನ್ನು ಬೆರಳಿನಿಂದ ಉಜ್ಜಿ ನೋಡಿ, ಮಣ್ಣು ಹಿಡಿಯುವುದಿಲ್ಲವಲ್ಲ ಎಂದರು. ಮದುವೆಮನೆಯ ಗೋಡೆಗೆ ಯಾರೂ ಹೀಗೆ ಪೂರ್ತಿ ಕಪ್ಪು ಬಳಿಯುವುದಿಲ್ಲ, ನೋಡಿದವರು ಏನೆಂದಾರು ಎಂದರು. ಹಾಡಿನವರು ಹತ್ತೇ ಜನವೊ ಹನ್ನೆರಡೊ, ದೀಪ ಹಿಡಿದವನು ಮುಂದೆಯೊ ನಡುವೆಯೊ, ನಾಯಿ ಯಾವ ಕಡೆ ಕಟ್ಟಿತ್ತು ಎಂದು ಕೇಳಿದರು. ನಾಯಿಯ ವಿಷಯ ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ತಾಯಿಗೆ ಫೋನ್ ಮಾಡಿ ಕೇಳಿದೆ. ಕಟ್ಟಿರಲಿಲ್ಲ, ಬಿಟ್ಟೇ ಇತ್ತು ಎಂದಳು.

ಹಾಳೆಗಳು ಅವರ ಬಳಿಯೇ ಇವೆ. ಮೊದಲನೆಯದರಲ್ಲಿ ಒಂದು ಬಿಳಿಯ ಚುಕ್ಕಿ ಇಟ್ಟು ತೋರಿಸಿದರು. ಉಳಿದದ್ದು ಗದ್ದೆ ಕೆಲಸ ಮುಗಿದ ಮೇಲೆ ಎಂದಿದ್ದಾರೆ.